ನಾಗರಾಜುವಿನ ಅರ್ಜೆಂಟು

ನಾಗರಾಜು ಒಳಗಿನಿಂದ ಚಿಲಕ ಹಾಕಿದ. ಅದೂ ಸಾಲದೆಂದು ಮೂಲೆಯಲ್ಲಿದ್ದ ಅಕ್ಕಿ ಡ್ರಮ್ಮನ್ನು ದರದರ ಎಳೆದು ಬಾಗಿಲಿಗೆ ಒತ್ತಿ ನಿಲ್ಲಿಸಿದ. ಆಚೆ ಕಡೆ ಅವನ ಅಕ್ಕ ಅಕ್ಕಯ್ಯಮ್ಮ ಆಗಲೇ ಬಾಗಿಲು ಬಡಿಯುತ್ತಿದ್ದಳು.

"ಲೋ ನಾಗರಾಜು, ಏನೋ ಇದು ಆಟ? ನೀರು ಕಾದಿದೆ, ಅರಿಶಿನ ಕಲಸಿ ಇಟ್ಟಿದೀವಿ. ಮೈ ತೊಳೀಬೇಕು. ತೆಗಿಯೋ ಬಾಗ್ಲು."

"ನಾನೇ ತೊಳೀತೀನಿ ಕಣಕ್ಕ."

"ಗಂಡನಾದೋನು ಹೆಂಡ್ತಿ ಹೆಣ ತೊಳೆಯೋದನ್ನ ನಮ್ಮ ವಂಶದಲ್ಲೇ ಕಂಡಿಲ್ಲ ನಾನು. ಮುತ್ತೈದೆ ಸಾವು ಕಣೋ ಅದು. ನಾವು ಹೆಂಗಸ್ರು ಮಾಡ್ಬೇಕಾದ್ದು."

ಅಕ್ಕನ ಹಿಂದೆ ಏಳೆಂಟು ಹೆಂಗಸರ ಗುಜುಗುಜು ಕೇಳಿಸುತ್ತಿತ್ತು. ಬೀದಿಯಲ್ಲಿ ಶಾಮಿಯಾನ ಎದ್ದಾಗಿತ್ತು, ತಮಟೆಯವರು ತಮಟೆ ಕಾಯಿಸುತ್ತಿದ್ದರು. ಹೆಗ್ಗನಹಳ್ಳಿಯ ಅರ್ಧ ಊರು ಅವನ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲದ ಸಂಗತಿ ಮಂಚದ ಮೇಲೆ, ಹೊದಿಕೆಯ ಕೆಳಗೆ ಇತ್ತು. ಹೆಂಡತಿ ಕಲಾವತಿ ಬೆಳಗಿನ ಜಾವ ಅವನ ತೋಳಿನ ಮೇಲೆಯೇ ಉಸಿರು ಬಿಟ್ಟಿದ್ದಳು. ರಾತ್ರಿ ತೊಡಿಸಿದ್ದ ದೊಡ್ಡವರ ಡೈಪರ್ ಇನ್ನೂ ಹಾಗೇ ಇತ್ತು, ಅದು ಒದ್ದೆಯೂ ಆಗಿತ್ತು, ಹೊಲಸೂ ಆಗಿತ್ತು.

ಹೆಂಗಸರು ಒಳಗೆ ಬರುವಷ್ಟರಲ್ಲಿ ಅದನ್ನು ಬಿಚ್ಚಿ, ಒರೆಸಿ, ಚೀಲಕ್ಕೆ ತುಂಬಿ ಹಿತ್ತಿಲಿಗೆ ಎಸೆದುಬಿಡಬೇಕು. ಎಷ್ಟೋ ವರ್ಷದಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಬಲ್ಲ. ಆದರೆ ಇವತ್ತು ಕಲಾ ತಾನೂ ಒಂದಿಷ್ಟು ಒತ್ತಾಸೆ ಕೊಟ್ಟು ಮಗ್ಗುಲಾಗುತ್ತಿಲ್ಲ. ಅವನು ಎರಡು ಸಲ ಭುಜಕ್ಕೆ ಕೈ ಕೊಟ್ಟು ತಿರುಗಿಸಲು ನೋಡಿದ. ಸ್ಟೇರಿಂಗ್ ಮುಂದೆ ಕೂತು ಕೂತು ಹಾಳಾದ ಸೊಂಟ ಕಳಕ್ ಎಂದಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು ಕವನಾ.

"ಅಪ್ಪಾ, ಅಮ್ಮನ್ನ ಕ್ಲೀನ್ ಮಾಡಿದ್ರಾ? ಯಾರೂ ನೋಡಿಲ್ಲ ತಾನೆ?"

"ಮಾಡ್ತಾ ಇದೀನಿ ಕಣಮ್ಮ. ಒಬ್ಬನ ಕೈಲಿ ತಿರುಗಿಸಕ್ಕಾಗ್ತಿಲ್ಲ."

"ನಾನು ಆಟೋ ಹತ್ತಿ ಬಂದ್ಬಿಡ್ತೀನಿ ಅಪ್ಪ."

"ಬ್ಯಾಡ ಕಣೆ. ತುಂಬು ಬಸುರಿ ನೀನು. ಒಳಗೇ ಬಿಡಲ್ಲ ನಿನ್ನ."

ಬಸುರಿ ಹೆಂಗಸು ಹೆಣ ನೋಡಬಾರದು. ಬೀಗರೂ ಅದನ್ನೇ ಹೇಳಿದ್ದರು, ಅಕ್ಕಯ್ಯಮ್ಮನೂ ಬೆಳಿಗ್ಗೆಯೇ ತೀರ್ಪು ಕೊಟ್ಟಾಗಿತ್ತು. ಕವನಾಳ ಗಂಡನ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಮಣ್ಣು ಮಾಡುವುದು ಅಲ್ಲಿಂದ ಆಚೆ, ನಾಗರಾಜುವಿನ ಅಪ್ಪ ಅವ್ವನನ್ನು ಮಣ್ಣು ಮಾಡಿದ ತೋಟದಲ್ಲಿ. ಗಾಡಿ ಅವಳ ಗೇಟಿನ ಮುಂದೆಯೇ ಹೋಗಬೇಕು.

"ಹಂಗಾದ್ರೆ ಇಲ್ಲಿ ಒಂದ್ನಿಮಿಷ ನಿಲ್ಸಿ ಅಪ್ಪ. ಗಾಜಿನಲ್ಲೇ ನೋಡ್ತೀನಿ. ನಂಗೆ ಅಮ್ಮನ ಮುಖ ನೋಡ್ಬೇಕು."

ನಾಗರಾಜು ಅದನ್ನೂ ಕೇಳಿ ನೋಡಿದ್ದ. "ಬಸುರಿ ಮನೆ ಮುಂದೆ ಹೆಣದ ಗಾಡಿ ನಿಲ್ಲಿಸ್ತಾರೇನೋ? ಬುದ್ಧಿ ನೆಟ್ಟಗಿದ್ಯಾ?" ಎಂದು ಅಕ್ಕ ಎಲ್ಲರೆದುರು ಗದರಿದ್ದಳು. ಶಾಮಿಯಾನದ ಕೆಳಗಿದ್ದ ದೊಡ್ಡವರೆಲ್ಲ ತಲೆ ಆಡಿಸಿದ್ದರು.

"ನೀನು ಗೇಟ್ ಹತ್ರ ನಿಂತಿರು ಮಗಳೇ. ನಿಧಾನಕ್ಕೆ ಹೋಗು ಅಂತ ಡ್ರೈವರ್‌ಗೆ ಹೇಳ್ತೀನಿ" ಎಂದು ಹೇಳಿ ಫೋನಿಟ್ಟ. ಅವನಿಗೆ ಅಳು ಒತ್ತರಿಸಿ ಬಂತು. ಬಾಗಿಲು ಬಡಿಯುವ ಸದ್ದು ಮಾತ್ರ ನಿಲ್ಲಲೇ ಇಲ್ಲ.

* * *

ಎಲ್ಲ ಶುರುವಾದದ್ದು ಮಾದಪ್ಪನ ಬೆಟ್ಟಕ್ಕೆ ಹೊರಟ ದಿನ.

ನಾಗರಾಜುವಿನದು ಸ್ವಂತ ಟೆಂಪೋ ಟ್ರಾವೆಲರ್. ನೆಂಟರ ಮದುವೆ, ಬೀಗರೂಟ, ದೇವಸ್ಥಾನ, ಎಲ್ಲಕ್ಕೂ ಅವನದೇ ಗಾಡಿ. ಅವತ್ತು ಒಳಗೆ ಕಾಲಿಡಲು ಜಾಗವಿರಲಿಲ್ಲ. ಪುಳಿಯೋಗರೆ ಡಬ್ಬಿ, ಚಕ್ಕುಲಿ ಡಬ್ಬಿ, ನಾಲ್ಕು ತಲೆಮಾರಿನ ಹೆಂಗಸರು, ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ. ಕಲಾ ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದಳು. ಬೆಳಗಿನ ಚಳಿಗೆ ಅವಳ ಬೆರಳು ಮೊದಲು ಸುಣ್ಣದಂತೆ ಬಿಳಿಚಿಕೊಂಡು ಆಮೇಲೆ ನೀಲಿಯಾಗುತ್ತಿದ್ದವು. ಅದಕ್ಕೆ ಉಲ್ಲನ್ ಗ್ಲೌಸು ಹಾಕಿದ್ದಳು. "ನೋಡ್ರೇ ಸ್ಟೈಲು" ಎಂದು ಯಾರೋ ನಕ್ಕರು. ಕಲಾ ಜಂಬಗಾತಿ ಎಂದು ನೆಂಟರಲ್ಲಿ ಆಗಲೇ ಹೆಸರಾಗಿತ್ತು. ಮದುವೆಯಲ್ಲಿ ಉಣ್ಣಲು ಕೂರುವುದಿಲ್ಲ, ಯಾರ ಮನೆಯಲ್ಲೂ ರಾತ್ರಿ ಉಳಿಯುವುದಿಲ್ಲ, ನಗುವುದೂ ಬಿಗಿಯಾಗಿ. ಮುಖದ ಚರ್ಮವೇ ಬಿಗಿಯಾಗುತ್ತಿದೆ ಎಂದು ಯಾರಿಗೆ ಗೊತ್ತು?

ಕನಕಪುರ ದಾಟಿದ ಮೇಲೆ ಹಿಂದಿನಿಂದ ಸದ್ದು ಬಂತು. ಟಣ್ ಟಣ್. ಕಲಾಳ ಕೈಯಲ್ಲಿ ಒಂದು ದಪ್ಪ ಪಂಚಲೋಹದ ಬಳೆ ಇತ್ತು. ಬೆರಳು ಬಿರುಸಾಗಿ ಅಂಗೈ ಮಡಿಸಲಾಗದೆ ಹೋದ ಮೇಲೆ ಬೇರೆ ಬಳೆ ಏರಿಸುವುದೂ ಆಗುತ್ತಿರಲಿಲ್ಲ, ಅದನ್ನು ತೆಗೆಯುವುದೂ ಆಗುತ್ತಿರಲಿಲ್ಲ. ಆ ಬಳೆಯಿಂದ ಸೀಟಿನ ಕಂಬಿಗೆ ಬಡಿದಿದ್ದಳು. ನಾಗರಾಜು ಕನ್ನಡಿಯಲ್ಲಿ ನೋಡಿದ. ಮುಖದಲ್ಲಿ ಏನೂ ಕಾಣಲಿಲ್ಲ, ಕಣ್ಣಲ್ಲಿ ಎಲ್ಲವೂ ಕಂಡಿತು. ಇನ್ನೊಂದು ಗಳಿಗೆ ತಡವಾದರೆ ಇಷ್ಟು ಜನರ ನಡುವೆ ಅವಳ ಮಾನ ಹೋಗುತ್ತದೆ.

ಗಕ್ಕನೆ ಬ್ರೇಕ್ ಹಾಕಿದ. ಡಬ್ಬಿಗಳೆಲ್ಲ ಮುಂದಕ್ಕೆ ಜಾರಿದವು.

"ಏನಾಯ್ತೋ?" ಎಂದು ಅಕ್ಕಯ್ಯಮ್ಮ ಕೂಗಿದಳು.

"ನಂಗೆ ಅರ್ಜೆಂಟು! ತಡೆಯಕ್ಕಾಗ್ತಿಲ್ಲ!" ಎಂದು ನಾಗರಾಜು ಇನ್ನೂ ಜೋರಾಗಿ ಕೂಗಿ, ಪಂಚೆ ಎತ್ತಿ ಕಟ್ಟಿಕೊಂಡು ಹಾರಿ ಇಳಿದು ಬೇಲಿಯ ಕಡೆ ಓಡಿದ. ಅವನಿಗೆ ಏನೂ ಬಂದಿರಲಿಲ್ಲ. ಸುಮ್ಮನೆ ಬೇಲಿ ನೋಡುತ್ತಾ ನಿಂತ.

ಗಾಡಿಗೆ ಗಾಡಿಯೇ ನಕ್ಕಿತು. ಆ ನಗುವಿನ ಮರೆಯಲ್ಲಿ ಕಲಾ ಚೀಲ ಹಿಡಿದು ಇಳಿದು ಇನ್ನೊಂದು ಪಕ್ಕದ ಪೊದೆಯ ಹಿಂದೆ ಹೋದಳು. ಅವಳು ಇಳಿದದ್ದೇ ತಡ, "ಹೆಂಗೂ ನಿಂತಿದೆಯಲ್ಲ" ಎಂದು ಅಕ್ಕಯ್ಯಮ್ಮ ಇಳಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೋಡುತ್ತಿದ್ದಂತೆ ಹೆಂಗಸರೆಲ್ಲ ಪೊದೆಯ ಸುತ್ತ ಆಚೆಗೆ ಮುಖ ಮಾಡಿ ನಿಂತು, ಸೆರಗು ಬಿಚ್ಚಿ ಹಿಡಿದು ಗೋಡೆಯನ್ನೇ ಕಟ್ಟಿಬಿಟ್ಟರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಬಂದವರ ಮುಖದ ಕಳೆಯೇ ಬೇರೆ! ಅಲ್ಲಿಂದ ಬೆಟ್ಟದವರೆಗೂ ಹಾಡೇ ಹಾಡು. ಕಲಾ ಗ್ಲೌಸು ಹಾಕಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಷ್ಟು ಖುಷಿಯಾಗಿ ಅವಳನ್ನು ಕಂಡು ವರ್ಷಗಳಾಗಿದ್ದವು. ಕನ್ನಡಿಯಲ್ಲಿ ಅವಳನ್ನೇ ನೋಡಿಕೊಂಡು ನಾಗರಾಜು ಒಂದು ಹಂಪ್ ಹಾರಿಸಿ ಎಲ್ಲರ ಬೈಗುಳ ತಿಂದ.

ಅವತ್ತಿನಿಂದ ಅವನು ಅರ್ಜೆಂಟ್ ನಾಗರಾಜು. ತಲಕಾಡಿಗೆ ಹೋಗಲಿ, ಮೇಲುಕೋಟೆಗೆ ಹೋಗಲಿ, ಟಣ್ ಟಣ್ ಎಂದರೆ ಅವನಿಗೆ ಅರ್ಜೆಂಟಾಗುತ್ತಿತ್ತು.

* * *

"ನೀನೊಬ್ಬಳೇ ಬಾ ಅಕ್ಕ" ಎಂದು ನಾಗರಾಜು ಕೊನೆಗೆ ಡ್ರಮ್ಮು ಸರಿಸಿ ಬಾಗಿಲನ್ನು ಒಂದು ಗೇಣು ತೆರೆದ. ಬೇರೆ ದಾರಿ ಇರಲಿಲ್ಲ.

ಅಕ್ಕಯ್ಯಮ್ಮ ಬಿಸಿನೀರಿನ ಬಕೆಟ್ ಹಿಡಿದು ನುಗ್ಗಿದಳು. ಅವನು ಮತ್ತೆ ಚಿಲಕ ಹಾಕುವಷ್ಟರಲ್ಲಿ ಹೊದಿಕೆ ಸರಿಸಿಯೇಬಿಟ್ಟಿದ್ದಳು. ಸರಿಸಿದವಳು ಹಾಗೇ ನಿಂತಳು.

"ಇದೇನೋ ಇದು?"

"ಕೂಗ್ಬೇಡ ಅಕ್ಕ. ಆಚೆ ಕೇಳ್ಸುತ್ತೆ."

"ಕಾಯಿಲೆ ಜೋರಾದ್ಮೇಲೆ ಹಾಕಿದ್ದಾ?"

"ಇಲ್ಲ. ಹನ್ನೊಂದು ವರ್ಷದಿಂದ ಅವಳಿಗೆ ಹಿಡಿತ ಇರಲಿಲ್ಲ. ಒಂದಕ್ಕೂ ಅಷ್ಟೇ, ಎರಡಕ್ಕೂ ಅಷ್ಟೇ."

ಅಕ್ಕಯ್ಯಮ್ಮ ತಮ್ಮನನ್ನು ನೋಡಿದಳು, ಕಲಾಳನ್ನು ನೋಡಿದಳು, ಮತ್ತೆ ತಮ್ಮನನ್ನು ನೋಡಿದಳು. ಅವಳ ತಲೆಯಲ್ಲಿ ಲೆಕ್ಕ ಕೂಡಿಕೊಳ್ಳುವುದು ಅವನಿಗೆ ಕಾಣುತ್ತಿತ್ತು.

"ಅಂದ್ರೆ ಅರ್ಜೆಂಟು... ನಿಂದಲ್ಲ?"

"ಅಲ್ಲ."

"ಹಾಳಾದೋನೇ! ನೆಗ್ಗಿನಮುಳ್ಳಿನ ಕಷಾಯ ವಾರ ವಾರ ಕಾಯಿಸ್ಕೊಂಡು ತಂದು ಕೊಟ್ನಲ್ಲೋ ನಿಂಗೆ! ಮೂಗು ಹಿಡ್ಕೊಂಡು ಕುಡಿದ್ಯಲ್ಲೋ!"

"ನೀನು ಎದುರಿಗೇ ಕೂತಿರ್ತಿದ್ದೆ. ಕುಡೀದೆ ಏನ್ಮಾಡ್ಲಿ?"

"ನನ್ನ ಮಗ ಭೈರೇಶ ನಿನ್ನ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ್ನಲ್ಲ?"

"ಇಪ್ಪತ್ತರ ಹುಡುಗನ ಥರ ಇದೆ ಅಂದ್ರು ಡಾಕ್ಟ್ರು. ಭೈರೇಶ ಆಚೆ ಕೂತಿದ್ದ, ನಾನು ಹೇಳ್ಲಿಲ್ಲ."

ಅಕ್ಕಯ್ಯಮ್ಮನಿಗೆ ನಗು ಉಕ್ಕಿ ಬಂತು. ಹೆಣದ ಮುಂದೆ ನಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ತಡೆಯಲಾಗದೆ ಭುಜ ಕುಲುಕಿಸಿ ನಕ್ಕಳು. ನಾಗರಾಜುವಿಗೂ ನಗು ಬಂತು. ನಗುತ್ತಾ ನಗುತ್ತಾ ಅವಳಿಗೆ ಯಾವಾಗ ಅಳು ಬಂತೋ ಅವನಿಗೆ ತಿಳಿಯಲಿಲ್ಲ.

"ನಮ್ಮ ಭೈರೇಶನ ಮದುವೇಲಿ ಧಾರೆ ಹೊತ್ತಿಗೆ ಎದ್ದು ಹೋದ್ಲಲ್ಲೋ. ಸೋದರಮಾವನ ಹೆಂಡ್ತಿ, ಮುಂದೆ ನಿಂತ್ಕೋಬೇಕಾದೋಳು. ಎಷ್ಟು ಜಂಬ ಅಂತ ಎರಡು ವರ್ಷ ಮಾತು ಬಿಟ್ಟೆ ನಾನು."

"ಅವತ್ತು ಎರಡಕ್ಕೆ ಆಗೋಗಿತ್ತು ಅಕ್ಕ. ರೇಷ್ಮೆ ಸೀರೇಲಿ. ಆಗಿದ್ದು ಅವಳಿಗೇ ಗೊತ್ತಾಗಿರ್ಲಿಲ್ಲ. ಛತ್ರದ ಹಿಂದಿನ ಬಾಗಿಲಿಂದ ಕರ್ಕೊಂಡು ಬಂದೆ. ದಾರಿ ಪೂರ್ತಿ ಅತ್ಲು."

"ನಂಗೊಂದು ಮಾತು ಹೇಳಕ್ಕೇನಾಗಿತ್ತು?"

"ಯಾರ್ಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

ಅಕ್ಕಯ್ಯಮ್ಮ ಮೂಗು ಒರೆಸಿಕೊಂಡು ಸೆರಗು ಸಿಕ್ಕಿಸಿದಳು. "ಹಿಡಿ ಆ ಕಡೆ" ಎಂದಳು. ಇಬ್ಬರೂ ಸೇರಿ ಕಲಾಳನ್ನು ಮಗ್ಗುಲಿಗೆ ತಿರುಗಿಸಿದರು. ಅಕ್ಕಯ್ಯಮ್ಮ ಮೂರು ಹೆತ್ತವಳು, ಅತ್ತೆಯನ್ನು ಹಾಸಿಗೆಯಲ್ಲಿ ನೋಡಿಕೊಂಡವಳು, ಒಂದಿಷ್ಟೂ ಮುಖ ಸಿಂಡರಿಸಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದಳು. ಬಿರುಸಾದ ಬೆರಳುಗಳ ನಡುವೆ ಒಂದೊಂದಾಗಿ ಅರಿಶಿನ ಹಚ್ಚಿದಳು. ಹೊರಗೆ ಯಾರೋ "ನಾವೂ ಬರ್ತೀವಿ ಅಕ್ಕಯ್ಯಮ್ಮ" ಎಂದಾಗ, "ಯಾರೂ ಬರ್ಬೇಡಿ! ನನ್ನ ನಾದಿನಿಗೆ ನಾನೊಬ್ಬಳೇ ಎರೀತೀನಿ, ಹರಕೆ ಹೊತ್ತಿದೀನಿ" ಎಂದು ಗುಡುಗಿದಳು.

"ಹರಕೆನಾ?" ಎಂದ ನಾಗರಾಜು.

"ನೀನೊಬ್ಬನೇನೋ ಸುಳ್ಳು ಹೇಳಕ್ಕೆ ಬರೋದು?" ಎಂದು ಪಿಸುಗುಟ್ಟಿ, ಒದ್ದೆ ಬಟ್ಟೆ ಹಿಂಡುತ್ತಾ ಮತ್ತೆ ಕೇಳಿದಳು: "ಅಲ್ಲ ಕಣೋ, ನೀನು ಮುಂದೆ ಗಾಡಿ ಓಡಿಸ್ತಾ ಇರ್ತಿದ್ದೆ. ನಿಂಗೆ ಹೆಂಗೆ ಗೊತ್ತಾಗ್ತಿತ್ತು?"

ನಾಗರಾಜು ಕಲಾಳ ಕೈ ಹಿಡಿದು ಪಂಚಲೋಹದ ಬಳೆಯನ್ನು ಮಂಚದ ಕಂಬಿಗೆ ಮೆಲ್ಲಗೆ ಎರಡು ಸಲ ತಾಗಿಸಿದ. ಟಣ್ ಟಣ್.

ಅಕ್ಕಯ್ಯಮ್ಮ ಆ ಬಳೆಯನ್ನೇ ನೋಡುತ್ತಾ ಕೂತಳು. "ಮಾದಪ್ಪನ ಬೆಟ್ಟಕ್ಕೆ ಹೋದಾಗ ನೀನು ನಿಲ್ಲಿಸದೇ ಇದ್ದಿದ್ರೆ ನನ್ನದೂ ಮಾನ ಹೋಗ್ತಿತ್ತು ಕಣೋ" ಎಂದಳು. "ಮೂರು ಹೆತ್ತ ಮೇಲೆ ನಂಗೂ ಕೆಮ್ಮಿದ್ರೆ, ಸೀನಿದ್ರೆ ಅಷ್ಟೇ. ನಾನು ಯಾರ್ಗೆ ಹೇಳ್ಲಿ? ನಾಗರಾಜುವಿನ ಗಾಡಿ ಆದ್ರೆ ಮಾತ್ರ ಬರ್ತೀನಿ ಅಂತಿದ್ವಲ್ಲ ನಾವೆಲ್ಲ. ನಿನ್ನ ಮೇಲಿನ ಪ್ರೀತಿಗೆ ಅಂದ್ಕೊಂಡಿದ್ಯಾ?"

* * *

ಕಲಾಳನ್ನು ನೋಡುತ್ತಿದ್ದ ಡಾಕ್ಟರು ಒಳ್ಳೆಯ ಹೆಂಗಸು. ಕಾಯಿಲೆಯ ಹೆಸರು ಸ್ಕ್ಲೆರೋಡರ್ಮ ಎಂದು ಬರೆದು ತೋರಿಸಿ, "ಬರೀ ಚರ್ಮ ಗಟ್ಟಿಯಾಗಲ್ಲಮ್ಮ, ಇದು ಒಳಗೂ ಹೋಗುತ್ತೆ. ಕರುಳು, ಮೂತ್ರಕೋಶ ಹಿಡಿತ ಕಳ್ಕೋಬಹುದು. ನಾಚಿಕೆಗೆ ಎಷ್ಟೋ ಜನ ನಮ್ಮ ಹತ್ರಾನೂ ಬಾಯಿ ಬಿಡಲ್ಲ. ನೀವು ಹೇಳಿ" ಎಂದಿದ್ದರು. ಕಲಾ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ಮಾತ್ರೆ ಕೊಟ್ಟರು, ಊಟದ ಪಥ್ಯ ಹೇಳಿದರು, ಬಿಗಿ ಹಿಡಿದು ಬಿಡುವ ವ್ಯಾಯಾಮ ಕಲಿಸಿದರು, ಹೊರಗೆ ಹೋಗುವಾಗ ಇರಲೆಂದು ಪ್ಯಾಡು ಬರೆದುಕೊಟ್ಟರು. ಅದರಿಂದ ಎಷ್ಟೋ ದಿನ ಚೆನ್ನಾಗಿಯೇ ನಡೆಯಿತು.

ಅವತ್ತು ಆಸ್ಪತ್ರೆಯಿಂದ ಬರುವಾಗ ಅವಳು ಗಾಡಿಯಲ್ಲಿ ಮುಂದೆ ಕೂತು, "ಅಲ್ಲ ರೀ, ಆ ದೇವ್ರು ಎಂಥ ಮೆಕ್ಯಾನಿಕ್ಕು? ಸಡಿಲ ಬಿಡೋ ಕಡೆ ನಟ್ಟು ಟೈಟ್ ಮಾಡಿದಾನೆ, ಟೈಟ್ ಮಾಡೋ ಕಡೆ ಸಡಿಲ ಬಿಟ್ಟಿದಾನೆ" ಎಂದಿದ್ದಳು. ಸುಂಕದಕಟ್ಟೆ ಬರುವವರೆಗೂ ಇಬ್ಬರೂ ನಕ್ಕಿದ್ದರು. ಆಮೇಲೆ ಅವಳು ಅವನ ತೊಡೆಯ ಮೇಲೆ ಕೈಯಿಟ್ಟು, "ಸತ್ರೂ ಯಾರ್ಗೂ ಗೊತ್ತಾಗ್ಬಾರ್ದು ರೀ. ಜಂಬಗಾತಿ ಅಂದ್ಕೊಂಡೇ ಇರ್ಲಿ. ಅಯ್ಯೋ ಪಾಪ ಅನ್ನಿಸ್ಕೊಳ್ಳಕ್ಕೆ ನಂಗಾಗಲ್ಲ" ಎಂದಳು. ಅವನು ಆಯ್ತು ಎಂದಿದ್ದ.

* * *

ಸಂಸ್ಕಾರದ ಗಾಡಿ ಹೊರಟಾಗ ತಮಟೆ ಕಿವಿ ಗಡಚಿಕ್ಕುವಂತೆ ಬಡಿಯುತ್ತಿತ್ತು. ಹುಡುಗರು ಹೂವು ಎರಚಿ ಕುಣಿದರು. ಕಲಾ ಹಸಿರು ರೇಷ್ಮೆ ಸೀರೆಯಲ್ಲಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು ಗಾಡಿಯ ಗಾಜಿನ ಹಿಂದೆ ಮಲಗಿದ್ದಳು. "ಏನ್ ಕಳೆ ನೋಡೇ, ಮಹಾಲಕ್ಷ್ಮಿ ಥರ ಇದಾಳೆ" ಎಂದು ಹೆಂಗಸರು ಮಾತಾಡಿಕೊಂಡರು. ನಾಗರಾಜುವಿನ ಎದೆ ಉಬ್ಬಿತು. ಗುಟ್ಟು ಉಳಿದಿತ್ತು.

ಅವಳ ಒಂದು ಪಕ್ಕದ ಬೆಂಚಿನ ಮೇಲೆ ಅವನು, ಇನ್ನೊಂದು ಪಕ್ಕ ಅಕ್ಕಯ್ಯಮ್ಮ. ಹಿಂದೆ ಅವನದೇ ಟೆಂಪೋ ಟ್ರಾವೆಲರ್ ತುಂಬ ಹೆಂಗಸರು. ಅದನ್ನು ಅಕ್ಕಯ್ಯಮ್ಮನ ಮಗ ಭೈರೇಶ ಓಡಿಸುತ್ತಿದ್ದ. ಅನ್ನಪೂರ್ಣೇಶ್ವರಿ ನಗರ ದಾಟಿತು, ಉಲ್ಲಾಳು ದಾಟಿತು. ಕೆಂಗೇರಿ ಉಪನಗರ ಹತ್ತಿರವಾದಂತೆ ನಾಗರಾಜು ಬೆಂಚಿನ ತುದಿಗೆ ಸರಿದ. ಮುಂದೆ ಬಗ್ಗಿ ಡ್ರೈವರನಿಗೆ, "ಅಣ್ಣಾ, ಇಲ್ಲಿ ಒಂಚೂರು ನಿಧಾನ" ಎಂದ.

"ಹಿಂದೆ ಬಸ್ ಹಾರ್ನ್ ಹೊಡೀತಾ ಇದೆ ಸಾರ್" ಎಂದ ಡ್ರೈವರ್. ನಿಧಾನ ಮಾಡಲಿಲ್ಲ.

ತಿರುವಿನಲ್ಲಿ ಮಗಳ ಮನೆಯ ನೀಲಿ ಗೇಟು ಕಂಡಿತು. ಗೇಟಿಗೆ ಒರಗಿ ಕವನಾ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಕತ್ತು ಉದ್ದ ಮಾಡಿಕೊಂಡು, ಬರುತ್ತಿದ್ದ ಗಾಡಿಯನ್ನೇ ನೋಡುತ್ತಿದ್ದಳು. ಇನ್ನು ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಗುತ್ತದೆ.

ಅಕ್ಕಯ್ಯಮ್ಮ ಅವಳನ್ನು ನೋಡಿದಳು. ಆಮೇಲೆ ಬಗ್ಗಿ ಕಲಾಳ ಕೈಯನ್ನು ಎತ್ತಿಕೊಂಡಳು.

ಟಣ್ ಟಣ್.

"ನಿಲ್ಸೂ!" ಎಂದು ನಾಗರಾಜು ಕಿರುಚಿದ. ತಾನು ಕಿರುಚಿದ್ದು ಅವನಿಗೆ ಆಮೇಲೆ ತಿಳಿಯಿತು. "ನಿಲ್ಸಪ್ಪಾ! ನಂಗೆ ಅರ್ಜೆಂಟು!"

"ಸಾರ್, ಬಾಡಿ ಇಟ್ಕೊಂಡು ಎಲ್ಲೆಂದರಲ್ಲಿ..."

"ನಿಲ್ಸಯ್ಯಾ!" ಅಕ್ಕಯ್ಯಮ್ಮನ ದನಿಗೆ ಗಾಜು ನಡುಗಿತು. "ಹನ್ನೊಂದು ವರ್ಷದ ಕಾಯಿಲೆ ನನ್ನ ತಮ್ಮಂದು. ಊರಿಗೇ ಗೊತ್ತು. ನಿನ್ನ ಗಾಡೀಲೇ ಆಗೋದ್ರೆ ನೀನು ತೊಳೀತೀಯಾ?"

ಗಾಡಿ ಕೀರೆಂದು ನಿಂತಿತು. ನಾಗರಾಜು ಪಂಚೆ ಎತ್ತಿ ಕಟ್ಟಿ, ರಸ್ತೆ ದಾಟಿ, ಎದುರಿನ ಖಾಲಿ ಸೈಟಿನ ಕಾಂಪೌಂಡಿನ ಕಡೆ ಓಡಿದ. ಹಿಂದೆ ಟೆಂಪೋ ಟ್ರಾವೆಲರ್ ನಿಂತು, "ಮಾವಂಗೆ ಇವತ್ತೂ ಬಂತಾ!" ಎಂದು ಭೈರೇಶ ಹಣೆ ಚಚ್ಚಿಕೊಂಡದ್ದು ಕೇಳಿಸಿತು. ಹೆಂಗಸರು ಇಳಿಯುತ್ತಿದ್ದರು. ನೀಲಿ ಗೇಟು ಕಿರುಗುಟ್ಟಿತು. ಚಪ್ಪಲಿಯ ಸದ್ದು ತಡವರಿಸುತ್ತಾ, ಆದರೆ ಬೇಗ ಬೇಗ ರಸ್ತೆಗೆ ಬಂತು.

"ಅಯ್ಯೋ, ಬಸುರಿ..." ಎಂದು ಯಾರೋ ಶುರುಮಾಡಿದರು.

"ಏನ್ ನೋಡ್ತಾ ನಿಂತ್ರಿ?" ಎಂದಳು ಅಕ್ಕಯ್ಯಮ್ಮ. "ಮರೆ ಹಿಡೀರಿ."

ನಾಗರಾಜು ತಡೆಯಲಾರದೆ ಒಂದು ಸಲ ಹೆಗಲ ಮೇಲಿಂದ ತಿರುಗಿ ನೋಡಿದ. ಗಾಡಿಯ ಹಿಂಬದಿಯ ಬಾಗಿಲು ತೆರೆದಿತ್ತು. ಅದರ ಸುತ್ತ ಹೆಂಗಸರು ಆಚೆಗೆ ಮುಖ ಮಾಡಿ, ಸೆರಗು ಬಿಚ್ಚಿ ಹಿಡಿದು ನಿಂತಿದ್ದರು. ಬಸ್ಸಿನವನು ಹಾರ್ನ್ ಹೊಡೆದರೂ ಒಬ್ಬರೂ ಕದಲಲಿಲ್ಲ. ಸೆರಗುಗಳ ಆಚೆಯಿಂದ ಕವನಾಳ ದನಿ ಬರುತ್ತಿತ್ತು. ಅಳು ಎಷ್ಟಿತ್ತೋ ಅಷ್ಟೇ ಮಾತೂ ಇತ್ತು. ಅಮ್ಮನಿಗೆ ಏನೇನೋ ಗಡಿಬಿಡಿಯಲ್ಲಿ ಹೇಳುತ್ತಿದ್ದಳು.

"ಮಾವಾ, ಆಯ್ತಾ?" ಎಂದು ಭೈರೇಶ ಕೂಗಿದ.

ನಾಗರಾಜು ಸರಕ್ಕನೆ ಗೋಡೆಗೆ ತಿರುಗಿದ. ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿತ್ತು: ಇಲ್ಲಿ ಮೂತ್ರ ಮಾಡಬಾರದು.

"ಇಲ್ಲ ಕಣೋ, ಇನ್ನೂ ಆಗಿಲ್ಲ, ಇರು!" ಎಂದು ಕೂಗಿ, ಕಾಲು ಅಗಲಿಸಿ ನಿಂತುಕೊಂಡು, ಮಂಜಾದ ಕಣ್ಣು ಒರೆಸಿಕೊಂಡು ಆ ಅಕ್ಷರಗಳನ್ನು ಮತ್ತೆ ಮೊದಲಿನಿಂದ ಒಂದೊಂದಾಗಿ ಓದತೊಡಗಿದ.